ಕ್ಯಾಡಿಗಳಿಂದಲೇ ಶುರುಮಾಡಿ

ಗಾಲ್ಫ್ ಬೆಳೆಯಬೇಕಾದರೆ ಮೊದಲು ಜನರಲ್ಲಿ ಆಸಕ್ತಿ ಹುಟ್ಟಿಸಬೇಕು ಎಂದು ಬರೆದಿದ್ದೀರಿ. ಆಸಕ್ತಿಗೇನು ಬರ ಸ್ವಾಮಿ? ಮುಂಬೈನ ನಮ್ಮ ಚೆಂಬೂರಿಗೆ ಬನ್ನಿ. ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬಿನ ಪಕ್ಕದ ಝೋಪಡಪಟ್ಟಿಯ (ಕೊಳೆಗೇರಿಯ) ಕ್ಯಾಡಿ ಹುಡುಗರು, ಅಂದರೆ ಆಟಗಾರರ ಬ್ಯಾಗು ಹೊರುವವರು, ಕಬ್ಬಿಣದ ಸರಳು ಬಗ್ಗಿಸಿ ಸ್ಟಿಕ್ ಮಾಡಿಕೊಂಡು, ಪ್ಲಾಸ್ಟಿಕ್ ಚೆಂಡಿನಲ್ಲಿ ಗಲ್ಲಿಯಲ್ಲೇ ಆಡಿದವರು. ಎರಡೂ ಕಡೆ ತಗಡಿನ ಗೋಡೆ, ನಡುವೆ ಗಟಾರ. ಹೊಡೆತ ಚೂರು ತಪ್ಪಿದರೆ ಚೆಂಡು ಯಾರದೋ ಅಡುಗೆಮನೆಗೆ! ಅಂಥ ಕೈಗಳಿಗೆ ಬೇಕಿರುವುದು ಪ್ರಚಾರವಲ್ಲ, ಜಾಗ.

2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್‌ನಲ್ಲಿ ಒಂದೇ ಹೊಡೆತದ ಅಂತರದಿಂದ ಕಂಚು ತಪ್ಪಿ 4ನೇ ಸ್ಥಾನಕ್ಕೆ ನಿಂತರು. ಕ್ಯಾಡಿಯಾಗಿ ಬ್ಯಾಗು ಹೊತ್ತಿದ್ದು ಅವರ ತಾಯಿ. ಬರ್ಡಿಯಂಥ ಗಾಲ್ಫ್ ಪದಗಳೇ ಗೊತ್ತಿಲ್ಲದ ನಮ್ಮತ್ತೆಯೂ ಅವತ್ತು ಬೆಳಗಿನ ತಿಂಡಿ ಬಿಟ್ಟು ಟಿವಿ ಮುಂದೆ ಕೂತಿದ್ದರು.

ಮುಂಬೈನಲ್ಲಿ 18 ಹೋಲ್‌ಗಳ (ಚೆಂಡು ಬೀಳಿಸುವ ಕುಳಿಗಳ) ಹೊಸ ಮೈದಾನ ಕೇಳುವುದು ಹುಚ್ಚುತನ, ಒಪ್ಪುತ್ತೇನೆ. ಇರುವ ಕ್ಲಬ್ಬುಗಳು ವಾರದಲ್ಲೊಂದು ಬೆಳಿಗ್ಗೆ ನಾಲ್ಕಾರು ಹೋಲ್‌ಗಳನ್ನು ಮಹಾನಗರಪಾಲಿಕೆ ಶಾಲೆಯ ಮಕ್ಕಳಿಗೆ ಬಿಡಲಿ. ಕಲಿಸಲು ಕ್ಯಾಡಿಗಳಿಗೇ ಸಂಬಳ ಕೊಡಲಿ.