ಒಂಟಿ ಚಪ್ಪಲಿಯ ದ್ವೀಪಯಾನ

ಉಡುಪಿಯಲ್ಲಿ ಮದುವೆಯೂಟ ಮುಗಿಸಿ ಸುಮ್ಮನೆ ಬೆಂಗಳೂರು ಬಸ್ಸು ಹತ್ತಬಹುದಿತ್ತು. "ಇಷ್ಟು ದೂರ ಬಂದು ಸೇಂಟ್ ಮೇರೀಸ್ ದ್ವೀಪ ನೋಡದೆ ಹೋಗೋದೇ?" ಎಂದರು ಅತ್ತೆ. ಮದುವೆಗೆಂದೇ ಕೊಂಡ ಹೊಸ ಚಪ್ಪಲಿಯಲ್ಲೇ ಮಲ್ಪೆಗೆ ಹೊರಟೆ.

ದಡದ ಹತ್ತಿರ ನೀರು ಆಳವಿಲ್ಲವೆಂದು ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ದಾಟಿಸುತ್ತಾರೆ. ಒಂದು ಏಳುವಾಗ ಇನ್ನೊಂದು ಇಳಿಯುತ್ತದೆ. ನನ್ನ ಒಂದು ಕಾಲು ಅಲ್ಲಿ, ಒಂದು ಇಲ್ಲಿ. ಲೈಫ್ ಜಾಕೆಟಿನ ಬೆಲ್ಟು ಹೊಟ್ಟೆಗೆ ಸಾಲದೆ ಬಾಯಿಬಿಟ್ಟುಕೊಂಡಿತ್ತು. ಅಂತೂ ದಾಟಿದೆ. ಬಲಗಾಲಿನ ಚಪ್ಪಲಿ ದಾಟಲಿಲ್ಲ.

"ಬಿಡಿ ಮಾರಾಯ್ರೆ, ಸಮುದ್ರ ಯಾರದ್ದನ್ನೂ ಇಟ್ಟುಕೊಳ್ಳುವುದಿಲ್ಲ" ಎಂದ ದೋಣಿಯವ.

ಮರಳಲ್ಲವೇ, ಬರಿಗಾಲೇ ಚೆನ್ನ ಎಂದುಕೊಂಡೆ. ಅಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು: ಒಡೆದ ಚಿಪ್ಪು, ಚೂಪು ಚಿಪ್ಪು, ಬಿಸಿಲಿಗೆ ಕಾದ ಚಿಪ್ಪು. ಕುಂಟಾಬಿಲ್ಲೆ ಆಡುತ್ತಾ ನಡೆದೆ. ತೆಂಗಿನ ಮರ, ನೀಲಿ ನೀರು ಎಲ್ಲ ಇತ್ತಂತೆ. ಆಮೇಲೆ ಫೋಟೋದಲ್ಲಿ ನೋಡಿದೆ.

ಸಾಲು ಸಾಲು ಮೂಲೆ ಮೂಲೆಯ ಕಲ್ಲುಕಂಬ ಕಂಡು ಅತ್ತೆ ಬೆರಗಾದರು. "ಯಾವ ರಾಜ ಕೆತ್ತಿಸಿದ್ದಪ್ಪ?"

ಅಳಿಯನಾದವನು ಗೊತ್ತಿಲ್ಲ ಎನ್ನಬಾರದು. "ಹೊಯ್ಸಳರು."

ಹೆಂಡತಿ ಫೋನು ತೆಗೆದಳು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ಅದು. ತಣಿದು ಕುಗ್ಗುವಾಗ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕುಬಿಟ್ಟು ಕಂಬವಾಗಿದೆ.

"ಹೊಯ್ಸಳರಿಗಿಂತ ಸ್ವಲ್ಪ ಹಿಂದಿನದು" ಎಂದೆ. ಅತ್ತೆ ನಗಲಿಲ್ಲ. ಹತ್ತಿರದಿಂದ ತೋರಿಸೋಣವೆಂದು ಕಂಬ ಹತ್ತಿದರೆ ಕಾವಲಿನವನ ಸೀಟಿ. ಇಳಿಯುವಾಗ ಉಳಿದ ಚಪ್ಪಲಿಯ ಬಾರೂ ಕಿತ್ತಿತು. ಇನ್ನೇನು ಎಂದು ದ್ವೀಪದ ಕಸದ ಡಬ್ಬಿಗೆ ಅದನ್ನು ಹಾಕಿ, ಬಾಧೆ ಕಳೆಯಿತೆಂದು ಕೊನೆಯ ದೋಣಿ ಹತ್ತಿದೆ.

ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟನೆಂಬ ಪ್ರತೀತಿಯನ್ನು ಹೆಂಡತಿ ಓದಿ ಹೇಳುತ್ತಿದ್ದಳು. "ಅವನು ಶಿಲುಬೆ ಬಿಟ್ಟು ಹೋದ, ನೀವು ಚಪ್ಪಲಿ."

ಅಷ್ಟರಲ್ಲಿ ದೋಣಿಯವ ಹಲ್ಲುಬಿಡುತ್ತಾ ಬಂದ. ಕೈಯಲ್ಲಿ, ನೀರು ಸೋರುತ್ತಾ, ನನ್ನ ಬಲಗಾಲಿನ ಚಪ್ಪಲಿ.

"ನಾನು ಹೇಳಲಿಲ್ಲವಾ? ತಕೊಳ್ಳಿ. ಇನ್ನೊಂದು ಎಲ್ಲಿ?"