ಬೆಳವಣಿಗೆ ಶೇಕಡಾ ಎಷ್ಟು?

ಬೆಳಿಗ್ಗೆ ಮೇಲ್ ತೆರೆದರೆ ಮತ್ತೆ ಅದೇ ಎಕ್ಸೆಲ್ ಹಾಳೆ. ‘ವಿಭಾಗದ ಸಾಧನೆಗಳು, ತುರ್ತು, ಇಂದು ಸಂಜೆ 4ರೊಳಗೆ.’ ಹೋದ ತಿಂಗಳಷ್ಟೇ ಇದೇ ಮಾಹಿತಿ ಕೊಟ್ಟಾಗಿದೆ. ಆಗ ಪ್ರಬಂಧದ ಹೆಸರು ಮೊದಲು, ಲೇಖಕರ ಹೆಸರು ಆಮೇಲೆ. ಈಗ ಉಲ್ಟಾ. ಗಟ್ಟಿಯಾಗಲು ಕಾಂಕ್ರೀಟಿಗಾದರೆ 28 ದಿನ ಕೊಡುತ್ತಾರೆ, ಸಿವಿಲ್ ಎಂಜಿನಿಯರಿಂಗ್ ಮೇಷ್ಟ್ರಿಗೆ ಆರು ಗಂಟೆ.

ಮೊದಲ ಕಾಲಂ ಎಚ್-ಇಂಡೆಕ್ಸ್. ಸಂಶೋಧಕರನ್ನು ಅಳೆಯಲು 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಹೇಳಿಕೊಟ್ಟ ಲೆಕ್ಕ ಇದು. ತಲಾ ಹತ್ತು ಸಲವಾದರೂ ಉಲ್ಲೇಖಗೊಂಡ ಪ್ರಬಂಧಗಳು ಹತ್ತಿದ್ದರೆ ನೀವು 10. ಒಂದೇ ಪ್ರಬಂಧ ಬರೆದು ಅದು ಸಾವಿರ ಸಲ ಉಲ್ಲೇಖಗೊಂಡರೂ ನೀವು 1. ನೀರು-ಸಿಮೆಂಟ್ ಅನುಪಾತ ಏರಿದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ ಎಂದು 1918ರಲ್ಲಿ ತೋರಿಸಿಕೊಟ್ಟ ಡಫ್ ಅಬ್ರಾಮ್ಸ್ ಅದೊಂದನ್ನೇ ಬರೆದು ಸುಮ್ಮನಾಗಿದ್ದರೆ ಈ ಹಾಳೆಯಲ್ಲಿ ಅವರಿಗೂ 1. ಇನ್‌ಕ್ರಿಮೆಂಟ್ ಕಷ್ಟ.

ಎರಡನೇ ಕಾಲಂ ಜಿಯೋಟ್ಯಾಗ್, ಅಂದರೆ ತೆಗೆದ ಜಾಗದ ಗುರುತು, ಇರುವ ಫೋಟೊ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಫೋಟೊ ಯಾವಾಗಲೂ ಕಾಂಕ್ರೀಟ್ ಲ್ಯಾಬಿನದ್ದೇ. ಬಲ ಪರೀಕ್ಷಿಸಲು ಅಚ್ಚಿನಲ್ಲಿ ಹೊಯ್ದ 150 ಮಿ.ಮೀ. ಕಾಂಕ್ರೀಟ್ ಕ್ಯೂಬ್ ಒಂದರ ತೂಕ ಸುಮಾರು 8 ಕೆ.ಜಿ., ಅದನ್ನು ಹಿಡಿದು ನಿಂತವರು ಆರು ಜನ ಪ್ರಾಧ್ಯಾಪಕರು. ಎಲ್ಲರ ತಲೆಯ ಮೇಲೂ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚದ ಹೆಲ್ಮೆಟ್. ಆಮೇಲೆ ಮೆರವಣಿಗೆ ಕ್ಯೂಬನ್ನು ಒತ್ತಿ ಒಡೆಯುವ ಕಂಪ್ರೆಶನ್ ಮಷೀನಿನತ್ತ. ಹಿರಿಯರು ಕ್ಯೂಬನ್ನು ಕರಣೆಯಲ್ಲಿ ಉಜ್ಜಿದ ಮುಖ ಮೇಲೆ ಬರುವಂತೆ ಇಡುತ್ತಾರೆ, ಯಾಕೆಂದರೆ ಅದರ ಮೇಲೆ ಬರೆದ ತಾರೀಖು ಫೋಟೊದಲ್ಲಿ ಕಾಣಬೇಕಲ್ಲ! ಅಚ್ಚಿಗೆ ತಾಗಿದ್ದ ನಯವಾದ ಮಗ್ಗುಲುಗಳು ಮೇಲೆ-ಕೆಳಗೆ ಬರಬೇಕು ಅನ್ನುವುದು ಲ್ಯಾಬ್ ಮ್ಯಾನುಯಲ್‌ನಲ್ಲಿ ಅವರೇ ಬರೆದಿರುವ ಸಾಲು. ಉಜ್ಜಿದ ಮುಖ ಸಮತಟ್ಟಾಗಿರುವುದಿಲ್ಲ, ಭಾರವೆಲ್ಲ ಒಂದೆರಡು ಉಬ್ಬುಗಳ ಮೇಲೆ ಕೂರುತ್ತದೆ, ಕ್ಯೂಬ್ ಬೇಗ ಸೀಳುತ್ತದೆ. ‘ಸ್ಮೈಲ್’ ಅಂದ ಕೂಡಲೇ ಮಷೀನ್ ಚಾಲೂ. ಬಲ 30 ಮೆಗಾಪಾಸ್ಕಲ್ ಬರಬೇಕಾದರೆ ಕ್ಯೂಬ್ 675 ಕಿಲೋನ್ಯೂಟನ್ ಭಾರ ತಡೆಯಬೇಕು. ಸೆಕೆಂಡಿಗೆ 5 ಕಿಲೋನ್ಯೂಟನ್ ಆಸುಪಾಸಿನಲ್ಲಿ ಏರಿಸಿದರೆ ಎರಡು ನಿಮಿಷ ದಾಟುತ್ತದೆ. ಅಷ್ಟು ಹೊತ್ತು ಯಾರು ನಗುತ್ತಾ ನಿಲ್ಲುತ್ತಾರೆ? ವಾಲ್ವ್ ಪೂರ್ತಿ ತಿರುಗುತ್ತದೆ. ಮುಳ್ಳು 400 ದಾಟುವಷ್ಟರಲ್ಲಿ ‘ಟಪ್’. ಆರು ನಗುಗಳು ಹಾಗೇ ಗಟ್ಟಿಯಾಗುತ್ತವೆ, ಕ್ಯೂರಿಂಗೂ ಬೇಕಿಲ್ಲ.

ಆಗ ಹಿಂದಿನ ಸಾಲಿನಿಂದ ಮೂರನೇ ವರ್ಷದ ಯಾರೋ ಒಬ್ಬಳು, “ಸರ್, ಕ್ಯೂಬ್ ಮಗ್ಗುಲಿಗೆ ತಿರುಗಿಸಬೇಕಿತ್ತಲ್ವಾ?” ಅನ್ನುತ್ತಾಳೆ. ಲ್ಯಾಬ್ ಅಟೆಂಡರ್ ಕಿಟಕಿಯಾಚೆ ನೋಡುತ್ತಾನೆ. ಅವನಿಗೆ ಮೊದಲೇ ಗೊತ್ತಿತ್ತು.

ಮೂರನೇ ಕಾಲಂ ‘ವಿದ್ಯಾರ್ಥಿಗಳ ಬೆಳವಣಿಗೆ (ಶೇಕಡಾ)’. ಅವಳ ಪ್ರಶ್ನೆ ಶೇಕಡಾ ಎಷ್ಟು?

ಇಂಥ ಹುಡುಗ ಹುಡುಗಿಯರೇ ಮೊದಲ ಸರ್ವೆ ಕ್ಲಾಸಿನಲ್ಲಿ ಒಂದು ಕಿಲೋಮೀಟರ್ ಲೆವೆಲಿಂಗ್ (ನೆಲದ ಏರುತಗ್ಗಿನ ಅಳತೆ) ಮಾಡಿ ಬಂದು, ಕ್ಲೋಸಿಂಗ್ ಎರರ್, ಅಂದರೆ ಅಳತೆ ಮುಗಿಸಿದಾಗ ಲೆಕ್ಕದಲ್ಲಿ ಉಳಿಯುವ ವ್ಯತ್ಯಾಸ, ‘ಸೊನ್ನೆ’ ಎಂದು ಫೀಲ್ಡ್ ಬುಕ್ ಒಪ್ಪಿಸುತ್ತಾರೆ. ಎಚ್ಚರದಿಂದ ಮಾಡಿದ ಲೆವೆಲಿಂಗಿನಲ್ಲೂ ಅಷ್ಟು ದೂರಕ್ಕೆ 12 ಮಿ.ಮೀ. ತನಕ ಹೆಚ್ಚುಕಡಿಮೆ ಮಾಫಿ. ಸ್ಟಾಫ್ ಎಂಬ ಅಳತೆಗೋಲು ಹಿಡಿದವನು ಫೋನ್ ನೋಡುತ್ತಾ ವಾಲಿರುತ್ತಾನೆ, ಉಪಕರಣದಿಂದ ಹಿಂದಿನ ಕೋಲಿಗೂ ಮುಂದಿನ ಕೋಲಿಗೂ ದೂರ ಸಮ ಇರುವುದಿಲ್ಲ, ಉಪಕರಣದ ಮಟ್ಟ ತೋರಿಸುವ ಗುಳ್ಳೆ ನಡುವಿಗೆ ಬಂದಿರುವುದಿಲ್ಲ. ಹಾಗಿರುವಾಗ ಸೊನ್ನೆ ಬರುವುದು ಮರದ ಕೆಳಗೆ ಕೂತು ಬರೆದಾಗ ಮಾತ್ರ. ಎರಡು ವರ್ಷ ಕಳೆದ ಮೇಲೆ ಅವರೇ 9 ಮಿ.ಮೀ. ದೋಷ ತಂದು, “ಇಷ್ಟೇ ಬಂದಿದ್ದು ಸರ್, ಬೇಕಾದ್ರೆ ಇನ್ನೊಂದ್ಸಲ ಹೋಗಿ ಬರ್ತೀವಿ” ಎಂದು ಬಿಸಿಲಲ್ಲಿ ನಿಲ್ಲುತ್ತಾರೆ. ಸುಟ್ಟು ಕಪ್ಪಾದ ಆ ಮುಖಗಳನ್ನು ನೋಡಿದಾಗ ಗಂಟಲು ಸ್ವಲ್ಪ ಕಟ್ಟುತ್ತದೆ, ಧೂಳಿರಬೇಕು. ಇನ್ನೊಂದು ವರ್ಷ, ಆಮೇಲೆ ಇವರು ಯಾವುದೋ ಸೈಟಿನಲ್ಲಿ, ನಾವು ಮತ್ತೆ ಸೊನ್ನೆಯಿಂದ.

ಸೊನ್ನೆಯಿಂದ ಒಂಬತ್ತಕ್ಕೆ ಏರಿದ್ದನ್ನು ಹಾಳೆ ಕುಸಿತ ಅನ್ನುತ್ತದೆ, ಕೋಶ ಕೆಂಪಾಗುತ್ತದೆ. ಕೊನೆಗೆ ಹೋದ ವರ್ಷದ ಅಂಕಿಯನ್ನೇ ತುಂಬಿ 3.55ಕ್ಕೆ ಕಳಿಸಿದ್ದಾಯಿತು. ಅದೂ ಮರದ ಕೆಳಗಿನ ಲೆವೆಲಿಂಗೇ.

4.10ಕ್ಕೆ ಉತ್ತರ ಬಂತು: ‘ಶೇಕಡಾ ಚಿಹ್ನೆ ತೆಗೆದು ಮತ್ತೆ ಕಳಿಸಿ. ಫೋಟೊದಲ್ಲಿ ಕ್ಯೂಬ್ ಒಡೆದಿದೆ, ಬೇರೆ ಹಾಕಿ.’