ಕುರಿ ಕೊಡ್ತೀನಿ, ಇಟ್ಟಿಗೆ ಕೊಡಿ

ಜರ್ಮನಿಯ ಕಡೆಯವರು ಬೋರ್ಡ್ ಗೇಮ್ ಮಾಡುವಾಗ ಒಂದು ವಿಷಯದಲ್ಲಿ ಬಹಳ ಎಚ್ಚರ ವಹಿಸುತ್ತಾರೆ. ಆಡುವವರ ಮನಸ್ಸಿಗೆ ನೋವಾಗಬಾರದು. ಯಾರೂ ಅರ್ಧಕ್ಕೇ ಔಟಾಗಿ ಮೂಲೆಯಲ್ಲಿ ಕೂತು ಮೊಬೈಲ್ ನೋಡಬಾರದು. ಹಿಂದೆ ಬಿದ್ದವನಿಗೂ ಕೊನೆಯ ತನಕ ಗೆಲ್ಲುವ ಆಸೆ ಇರಬೇಕು. ಒಬ್ಬರು ಕಟ್ಟಿದ ಮನೆಯನ್ನು ಇನ್ನೊಬ್ಬರು ಕೆಡವುವಂತಿಲ್ಲ. ಒಳ್ಳೆಯ ಉದ್ದೇಶವೇ. ಆದರೆ ಚೌಕಾಬಾರ ಆಡಿಕೊಂಡು ಬೆಳೆದವರ ಕೈಗೆ ಆ ಡಬ್ಬ ಸಿಕ್ಕರೆ ಏನಾಗಬಹುದು ಅಂತ ಪಾಪ ಅವರಿಗೆ ಹೇಗೆ ಗೊತ್ತಾಗಬೇಕು?

ಚೌಕಾಬಾರದಲ್ಲಿ ಒಳ್ಳೆಯವರಿಗೆ ಜಾಗ ಇಲ್ಲ. ನೆಲದ ಮೇಲೆ ಸೀಮೆಸುಣ್ಣದ ಗೀಟು, ನಾಲ್ಕು ಕವಡೆ, ಕವಡೆ ಇಲ್ಲದಿದ್ದರೆ ಕಲ್ಲಿಗೆ ಉಜ್ಜಿ ಸೀಳಿದ ಹುಣಸೆ ಬೀಜ. ನಮ್ಮ ಮನೆಯ ನಿಯಮದ ಪ್ರಕಾರ ಎದುರಿನವರ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗೇ ಇಲ್ಲ. ಎಷ್ಟು ಬೇಕಾದರೂ ಗರ ಬೀಳಲಿ, ಒಬ್ಬರ ಹೊಟ್ಟೆ ಉರಿಸದೆ ನಿಮ್ಮ ಕಾಯಿ ಹಣ್ಣಾಗುವುದಿಲ್ಲ. ಐದು ವರ್ಷದ ಮಕ್ಕಳಿಗೆ ಇದನ್ನು ಕಲಿಸಿದವರು ನಮ್ಮ ಅಜ್ಜಿಯಂದಿರು. ಮೊಮ್ಮಕ್ಕಳ ಕಾಯಿಯನ್ನು ಅವರೇ ನಗುನಗುತ್ತಾ ಕಡಿಯುತ್ತಿದ್ದರು.

ಇಂಥ ತರಬೇತಿ ಪಡೆದ ನಾವೊಂದಿಷ್ಟು ಜನ ಭಾನುವಾರ ಸಂಜೆ ದಂತವೈದ್ಯ ಗೆಳೆಯನ ಮನೆಯಲ್ಲಿ ಸೇರುತ್ತೇವೆ. ಡಬ್ಬಗಳೆಲ್ಲ ಅವನವು. ಅವನು, ಅವನ ಹೆಂಡತಿ, ಒಬ್ಬ ಆಡಿಟರ್, ಚೆನ್ನೈನಲ್ಲಿ ಬೆಳೆದ ಆಡಿಟರ್ ಹೆಂಡತಿ, ದಾವಣಗೆರೆಯ ಗೆಳೆಯ, ಮತ್ತೆ ನಾನು. ಆರು ಜನ. ಹೆಚ್ಚಿನ ಡಬ್ಬಗಳ ಮೇಲೆ ಎರಡರಿಂದ ನಾಲ್ಕು ಜನ ಅಂತಲೇ ಬರೆದಿರುತ್ತದೆ, ಹಾಗಾಗಿ ಯಾವಾಗಲೂ ಇಬ್ಬರು ಇನ್ಯಾರದೋ ಹಿಂದೆ ಕೂತು ಸಲಹೆ ಕೊಡುತ್ತಿರುತ್ತಾರೆ. ಆಡುವುದಕ್ಕಿಂತ ಅದೇ ಸುಖ ಅಂತ ನನ್ನ ಅಭಿಪ್ರಾಯ.

ಹೊಸ ಡಬ್ಬ ಬಂದ ದಿನ ದಂತವೈದ್ಯ ನಿಯಮ ಓದುತ್ತಾನೆ. ಪೂರ್ತಿ ಓದುತ್ತಾನೆ. ಸತ್ಯನಾರಾಯಣ ಪೂಜೆಯ ಕಥೆ ಕೇಳುವಾಗ ಸಪಾದಭಕ್ಷ್ಯದ ಪಾತ್ರೆಯ ಕಡೆ ನೋಡುವ ಕಣ್ಣಿನಲ್ಲೇ ನಾವು ದಾಳದ ಕಡೆ ನೋಡುತ್ತಾ ಕೂತಿರುತ್ತೇವೆ. ಐದನೇ ಪುಟಕ್ಕೆ ಬರುವಷ್ಟರಲ್ಲಿ ದಾವಣಗೆರೆಯವನು, "ಆಡ್ತಾ ಆಡ್ತಾ ಗೊತ್ತಾಗ್ತತಿ ಬಿಡಪ" ಅನ್ನುತ್ತಾನೆ. ಆಡುತ್ತಾ ಗೊತ್ತಾಗುವುದು ಒಂದೇ: ಅವನಿಗೆ ತೊಂದರೆಯಾಗುವ ನಿಯಮ ಬಂದಾಗಲೆಲ್ಲ, "ಇದನ್ನ ನೀ ಮೊದ್ಲು ಹೇಳ್ಲೇ ಇಲ್ಲ" ಅನ್ನುತ್ತಾನೆ.

ಈ ಕಷ್ಟ ಹಳೆಯದೇ ಇರಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳ ಹುಚ್ಚು ಎಷ್ಟಿತ್ತೆಂದರೆ, ಅವರೇ ಹೊಸ ಹೊಸ ಆಟಗಳನ್ನು ರಚಿಸಿದರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ಭಾಗಗಳಲ್ಲಿ, ಅಂದರೆ ನಿಧಿಗಳಲ್ಲಿ, ಕೌತುಕನಿಧಿ ಅನ್ನುವುದು ಆಟಗಳಿಗೇ ಮೀಸಲು. ಆಸ್ಥಾನದವರ ಸ್ಥಿತಿ ನೆನೆಸಿಕೊಳ್ಳಿ. ಮಹಾರಾಜರು ತಾವೇ ಮಾಡಿದ ಆಟದ ನಿಯಮವನ್ನು ವಿವರಿಸುತ್ತಿದ್ದಾರೆ. ಆಡ್ತಾ ಆಡ್ತಾ ಗೊತ್ತಾಗುತ್ತೆ ಬಿಡಿ ಅನ್ನುವುದಕ್ಕೆ ಆಗುತ್ತದಾ? ಗೆಲ್ಲುವುದಕ್ಕಂತೂ ಆಗಲ್ಲ.

ನಮ್ಮಲ್ಲಿ ಹೆಚ್ಚು ಸವೆದಿರುವ ಡಬ್ಬ ಕ್ಯಾಟಾನ್. ಕ್ಲಾಸ್ ಟಾಯ್ಬರ್ ಅನ್ನುವ ಜರ್ಮನ್ 1995ರಲ್ಲಿ ಹೊರತಂದ ಆಟ. ಅವರು ಮೂಲತಃ ಹಲ್ಲಿನ ಲ್ಯಾಬಿನವರು, ಕಟ್ಟಿಸುವ ಹಲ್ಲುಗಳನ್ನು ತಯಾರಿಸುವ ಕೆಲಸ. ಈ ಒಂದು ಕಾರಣಕ್ಕೆ ನಮ್ಮ ದಂತವೈದ್ಯ ಇಡೀ ಆಟವನ್ನು ತನ್ನ ಕುಲಬಾಂಧವರ ಸಾಧನೆ ಅಂತ ಭಾವಿಸಿದ್ದಾನೆ. ಆರು ಮೂಲೆಯ 19 ತುಂಡು ಜೋಡಿಸಿದರೆ ಒಂದು ದ್ವೀಪ. ಕಾಡಿನಿಂದ ಮರ, ಗುಡ್ಡದಿಂದ ಇಟ್ಟಿಗೆ, ಹುಲ್ಲುಗಾವಲಿನಿಂದ ಕುರಿ, ಹೊಲದಿಂದ ಗೋಧಿ, ಬೆಟ್ಟದಿಂದ ಅದಿರು. ಮಧ್ಯೆ ಏನೂ ಕೊಡದ ಒಂದು ಮರುಭೂಮಿ. ದಾಳದಲ್ಲಿ ಬಿದ್ದ ಅಂಕಿಯ ಜಾಗದಲ್ಲಿ ನಿಮ್ಮ ಊರಿದ್ದರೆ ನಿಮಗೆ ಆ ಮಾಲಿನ ಕಾರ್ಡ್ ಸಿಗುತ್ತದೆ. ಅದರಿಂದ ರಸ್ತೆ, ಊರು, ಪಟ್ಟಣ ಕಟ್ಟುತ್ತಾ ಮೊದಲು 10 ಪಾಯಿಂಟ್ ಮುಟ್ಟಿದವರು ಗೆದ್ದರು.

ನಿಮ್ಮಲ್ಲಿ ಇಲ್ಲದ್ದನ್ನು ಬೇರೆಯವರ ಹತ್ತಿರ ಮಾತಾಡಿ ಪಡೆಯಬೇಕು. ಆಟದ ಜೀವ ಇರುವುದೇ ಇಲ್ಲಿ. ದ್ವೀಪದಲ್ಲಿ ಹುಲ್ಲುಗಾವಲು ನಾಲ್ಕು, ಇಟ್ಟಿಗೆಯ ಗುಡ್ಡ ಮೂರೇ. ರಸ್ತೆಗೆ ಕುರಿ ಬೇಕಿಲ್ಲ, ಇಟ್ಟಿಗೆ ಬೇಕೇ ಬೇಕು. ಹೀಗಾಗಿ ಶುರುವಿನಲ್ಲಿ ಎಲ್ಲರ ಕೈಯಲ್ಲೂ ಕುರಿ, ಎಲ್ಲರ ಬಾಯಲ್ಲೂ ಇಟ್ಟಿಗೆ. ದಾವಣಗೆರೆಯವನ ಅಪ್ಪನದು ಬಟ್ಟೆ ಅಂಗಡಿ. ಅವನ ಕೈಗೆ ಎರಡು ಇಟ್ಟಿಗೆ ಬಂದರೆ ಸಾಕು, ಬೆನ್ನು ನೆಟ್ಟಗಾಗುತ್ತದೆ.

"ಒಂದ್ ಇಟ್ಟಿಗೆ ಕೊಡೋ. ಕುರಿ ಕೊಡ್ತೀನಿ."

"ಕುರಿ ಯಾರಿಗ್ ಬೇಕಪ? ನನ್ನತ್ರನೇ ನಾಕ್ ಅದಾವು."

"ಸರಿ, ಎರಡು ಕುರಿ."

"ಇಟ್ಟಿಗೆ ಸ್ಟಾಕೇ ಇಲ್ಲ. ನಿಂಗೆ ಅಂತ ಕೊಡ್ತೀನಿ. ಎರಡು ಕುರಿ, ಮ್ಯಾಲೊಂದು ಗೋಧಿ. ಆಮ್ಯಾಲೆ ಕಳ್ಳನ್ನ ನನ್ನ ಹೊಲಕ್ಕೆ ಇಡಂಗಿಲ್ಲ."

ಈ ಕಳ್ಳ ಒಬ್ಬನಿದ್ದಾನೆ. ದಾಳದಲ್ಲಿ 7 ಬಿದ್ದರೆ, ಹಾಕಿದವರು ಅವನನ್ನು ಎತ್ತಿ ಬೇಕಾದ ಜಾಗದಲ್ಲಿ ಕೂರಿಸಬಹುದು. ಆಮೇಲೆ ಆ ಜಾಗದಿಂದ ಯಾರಿಗೂ ಏನೂ ಹುಟ್ಟುವುದಿಲ್ಲ, ಜೊತೆಗೆ ಅಲ್ಲಿನವರ ಕೈಯಿಂದ ಒಂದು ಕಾರ್ಡ್ ಕದಿಯಬಹುದು. ಮುಂದಿರುವವರನ್ನು ಸ್ವಲ್ಪ ಹಿಡಿದಿಡಲಿ ಅಂತ ಟಾಯ್ಬರ್ ಇಟ್ಟ ಏರ್ಪಾಡು ಇರಬೇಕು. ದಂತವೈದ್ಯನ ಹೆಂಡತಿ ಒಮ್ಮೆ 7 ಹಾಕಿ, ಕಳ್ಳನನ್ನು ಸೀದಾ ಗಂಡನ ಗೋಧಿ ಹೊಲಕ್ಕೆ ತಂದಿಟ್ಟರು. ಅವನು ಕಂಗಾಲಾದ. "ನಾನಿರೋದು ಎರಡೇ ಪಾಯಿಂಟಲ್ಲಿ ಕಣೇ. ಎಲ್ಲರೂ ಶುರು ಮಾಡೋದೇ ಎರಡರಿಂದ. ಆಡಿಟರ್ ಎಂಟಕ್ಕೆ ಬಂದಿದಾನೆ, ಅಲ್ಲಿಡು."

"ಗ್ಯಾಸ್ ಬುಕ್ ಮಾಡಿ ಅಂತ ಸೋಮವಾರವೇ ಹೇಳಿದ್ದೆ" ಅಂದರು ಅವರು, ಕಾರ್ಡ್ ಎಳೆದುಕೊಳ್ಳುತ್ತಾ.

ಆಡಿಟರ್ ಎಂಟಕ್ಕೆ ಬಂದಿದ್ದು ಅಪರೂಪ. ಅವನ ಆಟವೆಲ್ಲ ಲೆಕ್ಕ. ಎರಡು ದಾಳ ಹಾಕಿದರೆ 36 ಸಾಧ್ಯತೆ. 7 ಬೀಳುವುದು ಆರು ಬಗೆಯಲ್ಲಿ, 6 ಮತ್ತು 8 ಐದೈದು ಬಗೆಯಲ್ಲಿ, 2 ಮತ್ತು 12 ಒಂದೊಂದೇ. ಹಾಗಾಗಿ ಅವನು 6 ಮತ್ತು 8ರ ಪಕ್ಕದಲ್ಲೇ ಊರು ಕಟ್ಟುತ್ತಾನೆ. ಆಮೇಲೆ ದಾಳ 11, 3, 11, 4 ಅಂತ ಬೀಳುತ್ತಾ ಹೋಗುತ್ತದೆ. ಈಚೆಗೆ ಅವನು ಬಿದ್ದ ಅಂಕಿಗಳನ್ನೆಲ್ಲ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಾನೆ. ಯಾರ ಮೇಲೆ ಆಕ್ಷೇಪಣೆ ಸಲ್ಲಿಸುತ್ತಾನೋ ಗೊತ್ತಿಲ್ಲ.

ಈಗ ಎಣ್ಣೆ ಕಾರ್ಡಿನ ವಿಷಯ. ದಾವಣಗೆರೆಯವನು ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಖಾರಮಂಡಕ್ಕಿ, ಮಿರ್ಚಿ ಬಜ್ಜಿ ಇರಲೇಬೇಕು. ಬಜ್ಜಿ ತಿಂದ ಕೈಯಲ್ಲಿ ಕಾರ್ಡ್ ಮುಟ್ಟಬೇಡಿ ಅಂತ ದಂತವೈದ್ಯ ಟಿಶ್ಯೂ ಹಂಚುತ್ತಾನೆ, ಗೋಗರೆಯುತ್ತಾನೆ. ಆದರೂ ಒಂದು ಸಂಜೆ ಒಂದು ಕಾರ್ಡಿನ ಮೇಲೆ ಪೂರ್ತಿ ಹೆಬ್ಬೆಟ್ಟು ಬಿತ್ತು. ಎಣ್ಣೆ ಹಿಂಬದಿಗೂ ಇಳಿಯಿತು. ಬೇರೆ ಯಾವ ಕಾರ್ಡಾಗಿದ್ದರೂ ನಡೆಯುತ್ತಿತ್ತು. ಇದು ಮೊನಾಪಲಿ ಕಾರ್ಡ್. ಇದನ್ನು ಆಡಿದವರು "ಕುರಿ" ಅಂದರೆ, ಉಳಿದವರೆಲ್ಲ ತಮ್ಮಲ್ಲಿರುವ ಕುರಿಗಳನ್ನೆಲ್ಲ ತೆಗೆದು ಕೊಡಬೇಕು.

ಮಾಲು ಕೊಟ್ಟು ಕೊಳ್ಳುವ ವಿಶೇಷ ಕಾರ್ಡುಗಳ ಬೇರೆ ಕಟ್ಟೊಂದಿದೆ, ಅದರ 25 ಕಾರ್ಡಿನಲ್ಲಿ ಅಂಥವು ಎರಡೇ. ಕಟ್ಟನ್ನು ಕವುಚಿ ಇಟ್ಟಿರುತ್ತಾರೆ, ಮೇಲಿನದ್ದು ಏನು ಅಂತ ತಿಳಿಯದೆ ಕೊಳ್ಳಬೇಕು. ನಮಗೆ ತಿಳಿಯುತ್ತದೆ. ಎಣ್ಣೆಯ ಗುರುತು ಮೇಲೆ ಕಂಡ ತಕ್ಷಣ ಕುರಿ, ಗೋಧಿ, ಅದಿರು ಒಂದೊಂದು ಹೊಂದಿಸಲು ನೂಕುನುಗ್ಗಲು ಶುರು. ಯಾರೋ ಒಬ್ಬರು ಕೊಳ್ಳುತ್ತಾರೆ. ಕೊಂಡ ಸರದಿಯಲ್ಲೇ ಅದನ್ನು ಆಡುವ ಹಾಗಿಲ್ಲ, ಒಂದು ಸುತ್ತು ಕಾಯಬೇಕು. ಆ ಒಂದು ಸುತ್ತು ನೋಡುವಂಥದ್ದು. ಕೂಡಿಟ್ಟಿದ್ದೆಲ್ಲ ಹೋಗುತ್ತದೆ ಅಂತ ಎಲ್ಲರೂ ಮಾರುವುದಕ್ಕೆ ನಿಲ್ಲುತ್ತಾರೆ. ಒಂದು ಇಟ್ಟಿಗೆಗೆ ಮೂರು ಗೋಧಿ ಕೇಳುತ್ತಿದ್ದವರು ಮೂರು ಇಟ್ಟಿಗೆ ಕೊಡ್ತೀವಿ, ಏನಾದರೂ ಕೊಡಿ ಅನ್ನುತ್ತಾರೆ. ದಾವಣಗೆರೆಯವನೂ ಡಿಸ್ಕೌಂಟ್ ಘೋಷಿಸುತ್ತಾನೆ.

ಕಲೆ ತೆಗೆಯುವ ಪ್ರಯತ್ನವೂ ನಡೆಯಿತು. ದಂತವೈದ್ಯನ ತಾಯಿ ಒಳಗಿನಿಂದಲೇ, "ಸೀರೆಗೆ ಎಣ್ಣೆ ಬಿದ್ರೆ ಪೌಡರ್ ಹಾಕಿ ಇಡ್ತೀವಿ" ಅಂದರು. ಪೌಡರ್ ಹಾಕಿದೆವು. ಕಲೆ ಹಾಗೇ ಉಳಿಯಿತು, ಘಮವೂ ಸೇರಿಕೊಂಡಿತು. ಒಮ್ಮೆ ಆಟದ ಮಧ್ಯೆ ಕರೆಂಟ್ ಹೋದಾಗ ಆಡಿಟರ್ ಹೆಂಡತಿ ಕತ್ತಲಲ್ಲೇ, "ಮೇಲಿರೋದು ಅದೇ ಕಾರ್ಡು" ಅಂದರು. ಎಲ್ಲ ಕಾರ್ಡಿಗೂ ಪ್ಲಾಸ್ಟಿಕ್ ಕವರ್ ಹಾಕಿಸೋಣ ಅಂತ ದಂತವೈದ್ಯ. ಆಗಲೂ ಎಣ್ಣೆ ಒಳಗಿಂದ ಕಾಣುತ್ತೆ ಅಂತ ಆಡಿಟರ್. ಉಳಿದ 24 ಕಾರ್ಡಿಗೂ ಒಂದೊಂದು ಹೆಬ್ಬೆಟ್ಟು ಒತ್ತಿಬಿಡೋಣ, ಎಲ್ಲ ಸಮ ಆಗ್ತತಿ ಅಂತ ದಾವಣಗೆರೆಯವನು ಬಜ್ಜಿ ಎತ್ತಿಕೊಂಡಾಗ ಅವನ ಕೈ ಹಿಡಿದು ಕೂರಿಸಬೇಕಾಯಿತು.

ಬೇರೆ ಡಬ್ಬಗಳೂ ಇವೆ. ಟಿಕೆಟ್ ಟು ರೈಡ್ ನೋಡುವುದಕ್ಕೆ ಸಾಧು. ಅಮೆರಿಕದ ಭೂಪಟದ ಮೇಲೆ ಊರಿಂದ ಊರಿಗೆ ಪುಟ್ಟ ರೈಲು ಬೋಗಿ ಜೋಡಿಸುವುದು, ಅಷ್ಟೇ. ದಾವಣಗೆರೆಯವನು ಅದರಲ್ಲಿ ತನ್ನ ದಾರಿಗಿಂತ ಬೇರೆಯವರ ದಾರಿಗೆ ಅಡ್ಡ ಹಾಕುವುದಕ್ಕೇ ಜಾಸ್ತಿ ಬೋಗಿ ಖರ್ಚು ಮಾಡುತ್ತಾನೆ. ಫ್ಯಾನ್ ಹಾಕಿದರೆ ಕಾರ್ಡ್ ಹಾರುತ್ತದೆ, ಆರಿಸಿದರೆ ನಾವು ಬೇಯುತ್ತೇವೆ. ಏಪ್ರಿಲ್‌ನಲ್ಲಿ ಆ ಡಬ್ಬ ತೆಗೆಯುವುದಿಲ್ಲ.

ಜಗಳ ಬೇಡ ಅಂತ ದಂತವೈದ್ಯ ಪ್ಯಾಂಡೆಮಿಕ್ ತಂದ. ಅಮೆರಿಕದ ಮ್ಯಾಟ್ ಲೀಕಾಕ್ 2008ರಲ್ಲಿ ತಂದ ಆಟ. ಅದರಲ್ಲಿ ಎದುರಾಳಿಯೇ ಇಲ್ಲ. ಎಲ್ಲರೂ ಒಂದೇ ತಂಡ, ಜಗತ್ತಿಗೆ ಹಬ್ಬುತ್ತಿರುವ ನಾಲ್ಕು ರೋಗಗಳಿಗೆ ಸೇರಿ ಮದ್ದು ಕಂಡುಹಿಡಿಯಬೇಕು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಸಹಕಾರ ಸಂಘದ ಚುನಾವಣೆ ನೋಡಿದ ಯಾರಾದರೂ ಇದು ನಡೆಯಲ್ಲ ಅಂತ ಮೊದಲೇ ಹೇಳುತ್ತಿದ್ದರು. ನಾನೂ ವೈದ್ಯನೇ ಅಂತ ದಂತವೈದ್ಯ ಎಲ್ಲರ ಸರದಿಯನ್ನೂ ತಾನೇ ಆಡತೊಡಗಿದ. "ನೀನು ಕೈರೋಗೆ ಹೋಗು. ನೀನು ದೆಹಲಿಯಲ್ಲೇ ಇರು. ಮಾತಾಡಬೇಡ, ಆ ಕಾರ್ಡ್ ಇಡು." ಅವನ ಹೆಂಡತಿ ಶಾಂತವಾಗಿ, "ನಿಮಗೆ ಗೊತ್ತಿರೋದು ಹಲ್ಲು" ಅಂದರು. ಅಷ್ಟರಲ್ಲಿ ಚೆನ್ನೈಯಲ್ಲಿ ರೋಗ ಸ್ಫೋಟಿಸಿತು. ಆಡಿಟರ್ ಹೆಂಡತಿಗೆ ಬೇಸರ, ನಮ್ಮೂರೇ ಸಿಕ್ಕಿದ್ದಾ ಅಂತ. ಆ ಬೋರ್ಡಿನಲ್ಲಿ ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈ ಇವೆ, ಬೆಂಗಳೂರು ಇಲ್ಲ. ಬೆಂಗಳೂರಿಗೆ ಹೊರಟ ರೋಗ ಸಿಲ್ಕ್ ಬೋರ್ಡ್ ದಾಟಿರಲ್ಲ ಬಿಡಿ ಅಂತ ಆಡಿಟರ್ ಹೇಳಿದ್ದು ಅವರಿಗೆ ಸಮಾಧಾನ ತರಲಿಲ್ಲ. ಎಂಟನೇ ಸ್ಫೋಟಕ್ಕೆ ಜಗತ್ತು ಮುಗಿಯಿತು. ಯಾರಿಂದ ಮುಗಿಯಿತು ಅನ್ನುವ ಚರ್ಚೆ ಊಟದ ನಂತರವೂ ನಡೆಯಿತು.

ಆರೂ ಜನ ಒಟ್ಟಿಗೆ ಕೂರಬಹುದಾದ್ದು ಕೋಡ್‌ನೇಮ್ಸ್. ಜೆಕ್ ದೇಶದ ವ್ಲಾದಾ ಖ್ವಾಟಿಲ್ 2015ರಲ್ಲಿ ಮಾಡಿದ್ದು. ಮೇಜಿನ ಮೇಲೆ 25 ಇಂಗ್ಲಿಷ್ ಪದ. ಎರಡು ತಂಡ. ಯಾವ ಪದ ಯಾರದು ಅಂತ ಗೊತ್ತಿರುವ ತಂಡದ ನಾಯಕ ಸುಳಿವಾಗಿ ಒಂದೇ ಒಂದು ಪದ, ಅದು ಎಷ್ಟು ಪದಕ್ಕೆ ಹೊಂದುತ್ತದೆ ಅನ್ನುವ ಒಂದು ಸಂಖ್ಯೆ ಹೇಳಬೇಕು. ಅಷ್ಟರಿಂದ ಉಳಿದವರು ತಮ್ಮ ಪದಗಳನ್ನು ಗುರುತಿಸಬೇಕು. ಒಂದು ಪದ ಮಾತ್ರ ಹಂತಕನದು, ಅದನ್ನು ಮುಟ್ಟಿದರೆ ಅಲ್ಲಿಗೇ ಸೋಲು. ಹೆಸರುಗಳನ್ನು ಸುಳಿವಾಗಿ ಕೊಡಬಹುದು ಅಂತ ನಿಯಮದಲ್ಲೇ ಇದೆ. ದಂತವೈದ್ಯ ಓದಿ ತೋರಿಸಿದ.

ದಾವಣಗೆರೆಯವನು ನಾಯಕ. ಅವನ ತಂಡದಲ್ಲಿ ಆಡಿಟರ್ ಹೆಂಡತಿ ಮತ್ತು ದಂತವೈದ್ಯನ ಹೆಂಡತಿ. ಬಹಳ ಹೊತ್ತು ಮೇಜು ನೋಡಿ, ಎದೆಯುಬ್ಬಿಸಿ ಅವನು ಹೇಳಿದ: "ರಾಜ್‌ಕುಮಾರ್, ಮೂರು."

ದಂತವೈದ್ಯನ ಹೆಂಡತಿಗೆ ಅಡಿಗೆಮನೆಯಿಂದ ಕುಕ್ಕರ್ ಕರೆ ಬಂತು. ಉಳಿದವರು ಚೆನ್ನೈಯವರು ಒಬ್ಬರೇ. ಅವರು 'ಕಿಂಗ್' ಮುಟ್ಟಿದರು, ಸರಿಯಾಯಿತು. ಎಷ್ಟು ಸಿನಿಮಾದಲ್ಲಿ ರಾಜ ಆಗಿಲ್ಲ! 'ಡಾಕ್ಟರ್' ಮುಟ್ಟಿದರು, ಅದೂ ಸರಿ. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಕೊಟ್ಟ ಡಾಕ್ಟರೇಟ್. ಮೂರನೆಯದು? ಅವರ ಬೆರಳು ಮೇಜಿನ ಮೇಲೆ ಸುತ್ತಿತು. ರಾಜ ಅಂದಮೇಲೆ ಕುದುರೆ ಇರಬೇಕಲ್ವಾ ಅಂತ 'ಹಾರ್ಸ್' ಮೇಲೆ ಇಟ್ಟರು. ಅದೇ ಹಂತಕ.

"ಅಯ್ಯೋ, ಎಮ್ಮೆ ಕಣ್ರೀ ಎಮ್ಮೆ!" ದಾವಣಗೆರೆಯವನು ಎದ್ದು ನಿಂತುಬಿಟ್ಟ. 'ಬಫೆಲೋ' ಅವರ ಮೂಗಿನ ಕೆಳಗೇ ಇತ್ತು. ಎಮ್ಮೆ ಬೆನ್ನ ಮೇಲೆ ಕೂತು ರಾಜ್‌ಕುಮಾರ್ ಹಾಡುವುದನ್ನು ಕಾಣದೆ ಒಬ್ಬರು ಇಷ್ಟು ವರ್ಷ ಬೆಂಗಳೂರಿನಲ್ಲಿ ಹೇಗೆ ಬದುಕಿದರು ಅನ್ನುವುದು ಅವನ ಪ್ರಶ್ನೆ. ಗಂಡನಾದ ನೀನು ಏನು ಮಾಡುತ್ತಿದ್ದೆ ಅಂತ ಆಡಿಟರ್‌ಗೂ ಬಿತ್ತು. ಮೊಬೈಲಿನಲ್ಲಿ ಹಾಡು ಹಾಕಿದರು. ಎಲ್ಲರೂ ಹಾಡಿದೆವು. ಆಕೆ ಎಮ್ಮೆಯನ್ನು ಗಮನವಿಟ್ಟು ನೋಡಿದರು.

ಮುಂದಿನ ಆಟಕ್ಕೆ ತಂಡ ಬದಲಾಯಿತು. ಈಗ ಆಕೆ ನಮ್ಮ ತಂಡದ ನಾಯಕಿ. ಮೇಜು ನೋಡಿದರು, ದಾವಣಗೆರೆಯವನನ್ನು ನೋಡಿದರು. "ರಜನಿ, ಮೂರು" ಅಂದರು.

'ಸ್ಟಾರ್', 'ರೋಬೋಟ್', 'ಕಂಡಕ್ಟರ್' ಅಂತ ನಾವು ಉಸಿರು ಬಿಡುವಷ್ಟರಲ್ಲಿ ಮೂರನ್ನೂ ಮುಟ್ಟಿ ಮುಗಿಸಿದೆವು. ದಾವಣಗೆರೆಯವನು ತಕರಾರು ತೆಗೆದ. ರಜನೀಕಾಂತ್ ಟಿಕೆಟ್ ಹರಿದಿದ್ದು ಬೆಂಗಳೂರಿನ ಬಿಟಿಎಸ್ ಬಸ್ಸಿನಲ್ಲಿ. ಹುಟ್ಟಿದ್ದೂ ಇಲ್ಲೇ. ಹಾಗಾಗಿ ಕಂಡಕ್ಟರ್ ಅನ್ನುವುದು ಚೆನ್ನೈ ಸುಳಿವೇ ಅಲ್ಲ, ಅದರ ಅರ್ಧ ಪಾಯಿಂಟ್ ತನ್ನ ತಂಡಕ್ಕೆ ಬರಬೇಕು ಅಂತ ಅವನ ವಾದ. ಕೋಡ್‌ನೇಮ್ಸ್‌ನಲ್ಲಿ ಪಾಯಿಂಟ್ ಅನ್ನುವುದೇ ಇಲ್ಲ ಅಂತ ದಂತವೈದ್ಯ ಪುಸ್ತಕ ತೆಗೆದ. ಆಡಿಟರ್ ಆಗಲೇ ಮೊಬೈಲಿನಲ್ಲಿ ಅರ್ಧ ಬರೆದುಕೊಂಡಾಗಿತ್ತು.